ಹನ್ನೆರಡರಲ್ಲೊಂದು ಪಾಲಿನ ನೆಲ

ಹನ್ನೆರಡಡಿಗೆ ಹತ್ತಡಿಯ ಒಂದು ಕೋಣೆ. ಅಮೆರಿಕದ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಎರಡೂಕಾಲು ಇಂಚು ಅಗಲದ ಓಕ್ ಪಟ್ಟಿಗಳನ್ನು ಅದರ ನೆಲಕ್ಕೆ ಹಾಸಿದರೆ ಈ ಗೋಡೆಯಿಂದ ಆ ಗೋಡೆಯವರೆಗೆ 64 ಸಾಲು ಬೇಕು. ಇದೇ ಕೋಣೆಯನ್ನು ಗೊಂಬೆಮನೆಯೊಳಗೆ ಕಟ್ಟುವವರು ಅಡಿಗೊಂದು ಇಂಚಿನ ಲೆಕ್ಕ ಹಿಡಿಯುತ್ತಾರೆ. ಆಗ ನೆಲದ ವಿಸ್ತೀರ್ಣ 144ರಲ್ಲಿ ಒಂದು ಪಾಲಾಗುತ್ತದೆ. ಬೇಕಾಗುವ ಮರ 1,728ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಾಲುಗಳು ಮಾತ್ರ ಆಗಲೂ 64, ಈಗಲೂ 64. ಒಂದೊಂದರ ಅಗಲ 4.76 ಮಿಲಿಮೀಟರ್. ಮರ ಒಂದು ಹಿಡಿಯಷ್ಟಾಯಿತು, ಕೆಲಸ ಕಿಂಚಿತ್ತೂ ಕಡಿಮೆಯಾಗಲಿಲ್ಲ.

ಪುಟ್ಟ ನೆಲ ಹಾಸುವವರ ಕಷ್ಟವೆಲ್ಲ ಈ ಲೆಕ್ಕದಲ್ಲೇ ಅಡಗಿದೆ. ಉದ್ದ, ಅಗಲ, ದಪ್ಪಗಳನ್ನು ಹನ್ನೆರಡರಿಂದ ಭಾಗಿಸುವುದು ಶಾಲೆಯ ಹುಡುಗರೂ ಮಾಡಬಲ್ಲ ಕೆಲಸ. ಆದರೆ ಮರದೊಳಗಿನ ರಂಧ್ರ, ಅಂಟಿನಲ್ಲಿರುವ ನೀರು, ಕೋಣೆಯ ಬೆಳಕು, ಗಾಳಿಯಲ್ಲಿ ತೇಲುವ ಧೂಳು ಇವು ಯಾವುವೂ ಹನ್ನೆರಡರಿಂದ ಭಾಗವಾಗುವುದಿಲ್ಲ. ಕುಗ್ಗದೆ ಉಳಿದ ಇವುಗಳನ್ನು ಕಣ್ಣಿಗೆ ಬೀಳದಂತೆ ಹೇಗೆ ಪಳಗಿಸುತ್ತೀರಿ ಎಂಬುದರ ಮೇಲೆ ನಿಮ್ಮ ನೆಲ ನಂಬುವಂತಿದೆಯೋ ಇಲ್ಲವೋ ಎಂಬುದು ನಿಂತಿದೆ. ಈ ಕೆಲಸ ನನಗೆ ಇಷ್ಟವಾಗುವುದೂ ಇದೇ ಕಾರಣಕ್ಕೆ. ಮರ ಎಂದರೇನು ಎಂಬುದನ್ನು ಇಷ್ಟು ಹತ್ತಿರದಿಂದ ಕಲಿಸುವ ಹವ್ಯಾಸ ನಾನು ಬೇರೆ ಕಂಡಿಲ್ಲ.

ನಮ್ಮ ಓದುಗರಲ್ಲಿ ಹೆಚ್ಚಿನವರು ಬೆಳೆದದ್ದು ಗಾರೆಯ ನೆಲ, ರೆಡ್ ಆಕ್ಸೈಡ್, ಕಡಪ ಕಲ್ಲು, ಮೊಸಾಯಿಕ್ಕಿನ ಮೇಲೆ. ಮರದ ಹಲಗೆಯ ಮೇಲೆ ಓಡಾಡಿದ ನೆನಪು ಇದ್ದರೆ ಅದು ಮಲೆನಾಡಿನ ಹಳೆಯ ಮನೆಯ ಉಪ್ಪರಿಗೆಯದು ಅಥವಾ ಅಟ್ಟದ್ದು ಇರಬೇಕು. ಚಳಿಯ ದೇಶಗಳಲ್ಲಿ ಹಾಗಲ್ಲ. ಅಲ್ಲಿ ಸಾಲಾಗಿ ಜಂತೆ ಹಾಕಿ, ಅದರ ಮೇಲೆ ಹಲಗೆ ಹೊಡೆದು ಮಾಡಿದ ನೆಲವೇ ಶತಮಾನಗಳಿಂದ ವಾಡಿಕೆ. ಗೊಂಬೆಮನೆಯೂ ಅಲ್ಲಿಯದೇ ಹುಟ್ಟು. ಹೀಗಾಗಿ ಗೊಂಬೆಮನೆ ಕಟ್ಟುವವರಿಗೆ ಮರದ ನೆಲ ಗೋಡೆ, ಕಿಟಕಿಗಳಷ್ಟೇ ಅನಿವಾರ್ಯ.

ಮೊದಮೊದಲ ಗೊಂಬೆಮನೆಗಳು ಆಟಿಕೆಗಳಾಗಿರಲಿಲ್ಲ. ಶ್ರೀಮಂತರ ಸಂಗ್ರಹಗಳಾಗಿದ್ದವು. ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲಾ ಊರ್ಟ್‌ಮನ್ 1686ರಿಂದ 1710ರ ಸುಮಾರಿಗೆ ಮಾಡಿಸಿದ ಗೊಂಬೆಮನೆ ಈಗ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಅದರ ಅಳತೆ ಸುಮಾರು ಒಂಬತ್ತಕ್ಕೊಂದು. ಆಗಿನ್ನೂ ಎಲ್ಲರೂ ಒಪ್ಪಿದ ಅಳತೆಯೆಂಬುದು ಇರಲಿಲ್ಲ. 19ನೇ ಶತಮಾನದ ಕೊನೆಗೆ ಗೊಂಬೆಮನೆ ಮಕ್ಕಳ ಕೈಗೆ, ಕಾರ್ಖಾನೆಯ ಕೈಗೆ ಬಂತು. ಅಮೆರಿಕದ ಬ್ಲಿಸ್ ಕಂಪನಿಯವರು ಮರದ ಮೇಲೆ ಬಣ್ಣದ ಅಚ್ಚಿನ ಕಾಗದ ಅಂಟಿಸಿ ಮನೆಗಳನ್ನು ಮಾರಿದರು. ಅಚ್ಚಿನ ಕಾಗದದ ನೆಲ ಮಗುವಿಗೆ ಸಾಕು. ಎದುರಿನಿಂದ ಬಗ್ಗಿ ನೋಡುವ ದೊಡ್ಡವರಿಗೆ ಸಾಲದು. ಕಾಗದದ ಮೇಲಿನ ಗೆರೆ ಯಾವ ಕೋನದಿಂದ ನೋಡಿದರೂ ಒಂದೇ ರೀತಿ ಕಾಣುತ್ತದೆ. ನಿಜವಾದ ಹಲಗೆಯೋ, ತಲೆ ಸ್ವಲ್ಪ ಆಚೀಚೆ ಮಾಡಿದರೆ ಸಾಕು, ಒಂದು ಮಂಕಾಗಿ ಪಕ್ಕದ್ದು ಬೆಳಗುತ್ತದೆ.

ಅಡಿಗೊಂದು ಇಂಚಿನ ಅಳತೆಗೆ ಪ್ರತಿಷ್ಠೆ ತಂದದ್ದು 20ನೇ ಶತಮಾನದ ಎರಡು ದೊಡ್ಡ ಕೆಲಸಗಳು. ಒಂದು, ಇಂಗ್ಲೆಂಡಿನ ರಾಣಿ ಮೇರಿಗಾಗಿ 1921ರಿಂದ 1924ರವರೆಗೆ ಕಟ್ಟಿದ ಗೊಂಬೆಮನೆ. ಅದರ ವಾಸ್ತುಶಿಲ್ಪಿ ಎಡ್ವಿನ್ ಲಟ್ಯನ್ಸ್. ಅದೇ ವರ್ಷಗಳಲ್ಲಿ ಅವರು ಹೊಸದಿಲ್ಲಿಯಲ್ಲಿ ವೈಸರಾಯ್ ಭವನವನ್ನೂ, ಅಂದರೆ ಇಂದಿನ ರಾಷ್ಟ್ರಪತಿ ಭವನವನ್ನೂ ಕಟ್ಟಿಸುತ್ತಿದ್ದರು. 1924ರಲ್ಲಿ ವೆಂಬ್ಲಿಯ ಪ್ರದರ್ಶನದಲ್ಲಿ ಲಕ್ಷಾಂತರ ಜನ ನೋಡಿದ ಆ ಮನೆ ಈಗ ವಿಂಡ್ಸರ್ ಕೋಟೆಯಲ್ಲಿದೆ. ಇನ್ನೊಂದು, ಶಿಕಾಗೊದ ನಾರ್ಸಿಸ್ಸಾ ಥಾರ್ನ್ ಅವರ ಪುಟ್ಟ ಕೋಣೆಗಳು. 1932ರಿಂದ 1940ರ ನಡುವೆ ನುರಿತ ಕುಶಲಕರ್ಮಿಗಳನ್ನು ಕೂರಿಸಿಕೊಂಡು ಆಕೆ ಮಾಡಿಸಿದ 68 ಕೋಣೆಗಳು ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟಿನ ನೆಲಮಾಳಿಗೆಯಲ್ಲಿ ಸಾಲಾಗಿವೆ. ಯುರೋಪಿನ ಮತ್ತು ಅಮೆರಿಕದ ಮನೆಗಳು ಒಂದೊಂದು ಕಾಲದಲ್ಲಿ ಹೇಗಿದ್ದವು ಎಂಬುದನ್ನು ತೋರಿಸುವ ಕೋಣೆಗಳಿವು. ಅವುಗಳ ಫೋಟೋ ನೋಡಿದವರು ನಿಜವಾದ ಮನೆಯೆಂದೇ ತಿಳಿಯುವುದುಂಟು. ಆ ನಂಬಿಕೆ ಹುಟ್ಟಿಸುವುದರಲ್ಲಿ ಪೀಠೋಪಕರಣಗಳಿಗಿಂತ ನೆಲದ ಪಾಲು ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕುರ್ಚಿ ಸ್ವಲ್ಪ ಒರಟಾಗಿದ್ದರೆ ಕಣ್ಣು ಕ್ಷಮಿಸುತ್ತದೆ. ಕೋಣೆಯ ಅಳತೆಯನ್ನು ಕಣ್ಣು ಓದುವುದೇ ನೆಲದ ಪಟ್ಟಿಗಳಿಂದ. ಅಲ್ಲಿ ತಪ್ಪಿದರೆ ಮೇಲಿಟ್ಟ ಎಲ್ಲವೂ ಆಟದ ಸಾಮಾನಾಗಿಬಿಡುತ್ತದೆ.

ಮೊದಲ ಪ್ರಶ್ನೆ ಮರದ್ದು. ಓಕ್ ನೆಲ ಮಾಡಲು ಓಕ್ ಮರವನ್ನೇ ತರಬೇಕೆಂದು ಯಾರಿಗಾದರೂ ತೋರುವುದು ಸಹಜ. ಒಂದು ಓಕ್ ತುಂಡನ್ನು ಭೂತಗನ್ನಡಿಯಲ್ಲಿ ನೋಡಿ. ವಸಂತದಲ್ಲಿ ಬೆಳೆದ ಪದರದಲ್ಲಿ ನೀರು ಹರಿಯುವ ಕೊಳವೆಗಳು ಕಾಲು ಮಿಲಿಮೀಟರಿನಷ್ಟು ಅಗಲ ಇರುತ್ತವೆ. ಕತ್ತರಿಸಿದ ಮೈಮೇಲೆ ಅವು ಸಣ್ಣ ಗೀರುಗಳಾಗಿ ಕಾಣುತ್ತವೆ. ಗೊಂಬೆಯ ಲೆಕ್ಕದಲ್ಲಿ ಕಾಲು ಮಿಲಿಮೀಟರೆಂದರೆ ಮೂರು ಮಿಲಿಮೀಟರು. ಗೊಂಬೆಮನೆಯ ಯಜಮಾನಿತಿ ತನ್ನ ನೆಲದಲ್ಲಿ ಹುಳು ಕೊರೆದ ಚರಂಡಿಗಳಿವೆ ಎಂದುಕೊಂಡಾಳು. ವರ್ಷದ ಉಂಗುರಗಳ ಕಥೆಯೂ ಇದೇ. ಎರಡು ಮಿಲಿಮೀಟರಿಗೊಂದು ಉಂಗುರವಿದ್ದರೆ ಅದು ಪುಟ್ಟ ಕೋಣೆಯಲ್ಲಿ ಇಂಚಿಗೊಂದು ಉಂಗುರವಾಯಿತು. ಓಕ್ ಅಷ್ಟು ಬೇಗ ದಪ್ಪವಾಗುವುದಿಲ್ಲ. ನಮ್ಮ ತೇಗಕ್ಕೂ ಇದೇ ದೋಷ. ದೊಡ್ಡ ಮನೆಗೆ ಅದು ಎಷ್ಟು ಅಂದವೋ ಪುಟ್ಟ ಮನೆಗೆ ಅಷ್ಟೇ ಒರಟು.

ಅದಕ್ಕೇ ಅನುಭವಸ್ಥರು ಓಕ್ ನೆಲವನ್ನು ಓಕ್ ಅಲ್ಲದ ಮರದಿಂದ ಮಾಡುತ್ತಾರೆ. ಬರ್ಚ್, ಮೇಪಲ್, ಬಾಸ್‌ವುಡ್, ಚೆರ್ರಿ, ಪೇರ್ ಇವುಗಳ ರಂಧ್ರಗಳು ಬರಿಗಣ್ಣಿಗೆ ಸುಲಭವಾಗಿ ಕಾಣುವಷ್ಟು ದೊಡ್ಡವಲ್ಲ. ಬಣ್ಣ ಹಚ್ಚಿ ಓಕ್‌ನ ಛಾಯೆಗೆ ತಂದರೆ ಕಣ್ಣು ಒಪ್ಪಿಕೊಳ್ಳುತ್ತದೆ. ನಮ್ಮ ನಾಡಿನಲ್ಲಿ ಈ ಗುಣ ಇರುವ ಮರ ಹುಡುಕಿ ದೂರ ಹೋಗಬೇಕಿಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರ, ಕೆಲವರು ಹಾಲೆಮರ ಎನ್ನುತ್ತಾರೆ, ಬಿಳಿಯದು, ಮೃದು, ಎಳೆ ತುಂಬ ಸಣ್ಣದು. ಚಾಣದ ಕೆಳಗೆ ಬೆಣ್ಣೆಯಂತೆ ನುಣ್ಣಗಾಗುವ ಈ ಮರ ಪುಟ್ಟ ನೆಲಕ್ಕೂ ಹೇಳಿಮಾಡಿಸಿದಂತಿದೆ.

ದುಬಾರಿ ಮರ ಬೇಡವೆನ್ನುವವರಿಗೆ ಅಂಗಡಿಯಲ್ಲಿ ಸಿಗುವ ಎರಡು ಸಾಮಾನುಗಳಿವೆ. ಒಂದು ಕಾಫಿ ಕಲಕುವ ಮರದ ಕಡ್ಡಿ. ಹೆಚ್ಚಾಗಿ ಬರ್ಚ್ ಮರದ್ದು, ಐದಾರು ಮಿಲಿಮೀಟರ್ ಅಗಲ, ಸುಮಾರು 140 ಮಿಲಿಮೀಟರ್ ಉದ್ದ. ಹನ್ನೆರಡರಿಂದ ಗುಣಿಸಿದರೆ ಎರಡೂವರೆ ಇಂಚಿನ ಆಸುಪಾಸಿನ ಪಟ್ಟಿ. ಮೊದಲು ಹೇಳಿದ ಅಮೆರಿಕದ ಪಟ್ಟಿಗೆ ಇದು ಹತ್ತಿರದ ನೆಂಟ. ಇನ್ನೊಂದು ಐಸ್‌ಕ್ರೀಮ್ ಕಡ್ಡಿ. 10 ಮಿಲಿಮೀಟರ್ ಅಗಲ, 114 ಮಿಲಿಮೀಟರ್ ಉದ್ದ, ಎರಡು ಮಿಲಿಮೀಟರ್ ದಪ್ಪ. ಇದು ಪುಟ್ಟ ಮನೆಯಲ್ಲಿ ಐದು ಇಂಚಿಗೆ ಸ್ವಲ್ಪ ಕಡಿಮೆಯ ಹಲಗೆ. ದುಂಡಗಿನ ತುದಿಗಳನ್ನು ಕತ್ತರಿಸಿದ ಮೇಲೆ ನಾಲ್ಕಡಿ ಉದ್ದದ ಹಲಗೆಯ ಲೆಕ್ಕ. ಹಾಸುವ ಮೊದಲೇ ಬಾಗಿಲುಗಳನ್ನು ತೆರೆದು ನೋಡಿಕೊಳ್ಳಿ. ಎರಡು ಮಿಲಿಮೀಟರ್ ದಪ್ಪದ ನೆಲ ಬಂದರೆ ಬಾಗಿಲಿನ ಬುಡ ತಾಗುತ್ತದೆ. ಆ ಅಡಚಣೆ ಬೇಡವೆಂದರೆ ಅರ್ಧ ಮಿಲಿಮೀಟರಿನ ಸುಮಾರಿನ ವಿನೀರ್, ಅಂದರೆ ತೆಳು ಮರದ ಹಾಳೆ, ತಂದು ಬ್ಲೇಡಿನಲ್ಲಿ ಪಟ್ಟಿ ಸೀಳಿಕೊಳ್ಳುವುದು ಒಳ್ಳೆಯದು. ಹೇಗೂ ನೆಲದ ದಪ್ಪ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಷ್ಟು ಅಗಲದ ಹಲಗೆ ಎಂಬುದು ರುಚಿಯ ಪ್ರಶ್ನೆಯಲ್ಲ, ಇತಿಹಾಸದ ಪ್ರಶ್ನೆ. ಒಂದರ ಬದಿಗೆ ನಾಲಗೆ, ಪಕ್ಕದ್ದರ ಬದಿಗೆ ತೋಡು ಕೊರೆದು ಸಿಕ್ಕಿಸುವ ಕಿರುಪಟ್ಟಿಗಳು ಯಂತ್ರದಿಂದ ಅಗ್ಗವಾಗಿ ಬರತೊಡಗಿದ್ದು 19ನೇ ಶತಮಾನದ ಕೊನೆಗೆ. 18ನೇ ಶತಮಾನದ ಲಂಡನ್ ಮನೆಯ ಮಾದರಿಗೆ ಐದು ಮಿಲಿಮೀಟರಿನ ಪಟ್ಟಿ ಹಾಸಿದರೆ ಕಾಲ ತಪ್ಪಿತು. ಅಲ್ಲಿಗೆ ಏಳರಿಂದ ಹತ್ತು ಇಂಚಿನ ಅಗಲವಾದ ಪೈನ್ ಹಲಗೆಗಳು ಬೇಕು. ಅಂದರೆ ಪುಟ್ಟ ಅಳತೆಯಲ್ಲಿ 15ರಿಂದ 21 ಮಿಲಿಮೀಟರ್. ಮೊಳೆಯ ಗುರುತಿನಲ್ಲಿಯೂ ಇದೇ ಎಚ್ಚರ ಬೇಕು. ಹವ್ಯಾಸಿಗಳು ಪ್ರತಿ ಪಟ್ಟಿಯ ಎರಡು ತುದಿಗೂ ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟು ಮೊಳೆಯೆನ್ನುವುದನ್ನು ಮತ್ತೆ ಮತ್ತೆ ನೋಡುತ್ತೇನೆ. ನಾಲಗೆಯಿರುವ ಕಿರುಪಟ್ಟಿಯಲ್ಲಿ ಮೊಳೆ ಹೊಡೆಯುವುದು ನಾಲಗೆಯ ಮೂಲಕ ಓರೆಯಾಗಿ. ಪಕ್ಕದ ಪಟ್ಟಿ ಬಂದು ಕೂತರೆ ಅದು ಮುಚ್ಚಿಹೋಗುತ್ತದೆ. ಮೇಲಿಂದ ಮೊಳೆ ಕಾಣುವುದು ಅಗಲ ಹಲಗೆಯ ಹಳೆಯ ನೆಲದಲ್ಲಿ ಮಾತ್ರ. ಅಲ್ಲಿಯೂ ಮೊಳೆಗಳು ಎಲ್ಲೆಂದರಲ್ಲಿ ಬರುವುದಿಲ್ಲ, ಕೆಳಗಿನ ಜಂತೆಯ ನೇರಕ್ಕೆ ಸಾಲಾಗಿ ಬರುತ್ತವೆ. ಜಂತೆಗಳು 16 ಇಂಚಿಗೊಂದು ಇದ್ದರೆ ಪುಟ್ಟ ನೆಲದಲ್ಲಿ 34 ಮಿಲಿಮೀಟರಿಗೊಂದು ಸಾಲು. ಈ ಸಾಲು ಸರಿಯಾಗಿ ಬಂದರೆ ನೆಲದ ಕೆಳಗೆ ನಿಜವಾಗಿ ಜಂತೆಗಳಿವೆ ಎಂದೇ ನೋಡುವವರ ಮನಸ್ಸು ನಂಬುತ್ತದೆ.

ಕೆಲಸ ಶುರುವಾಗುವುದು ಕಾಗದದಿಂದ. ಗೊಂಬೆಮನೆಯ ಯಾವ ಕೋಣೆಯೂ ಸರಿಯಾದ ಚೌಕವಾಗಿರುವುದಿಲ್ಲ. ಮೂಲೆಗಳು ತುಸು ಓರೆಯಾಗಿಯೇ ಇರುತ್ತವೆ. ದಪ್ಪ ಡ್ರಾಯಿಂಗ್ ಕಾಗದವನ್ನು ನೆಲದ ಆಕಾರಕ್ಕೆ ಕತ್ತರಿಸಿ, ಸುತ್ತ ಗೋಡೆಯಿಂದ ಒಂದೂವರೆ ಮಿಲಿಮೀಟರಿನಷ್ಟು ಚಿಕ್ಕದು ಮಾಡಿಕೊಂಡು, ಪಟ್ಟಿಗಳನ್ನು ಅದರ ಮೇಲೆ ಮೇಜಿನಲ್ಲೇ ಅಂಟಿಸಬೇಕು. ಕೋಣೆಯೊಳಗೆ ಕೈ ತೂರಿಸಿ ಅಂಟಿಸಲು ಹೋದರೆ ಹಿಂದಿನ ಮೂಲೆ ಎಂದೂ ಚೊಕ್ಕವಾಗುವುದಿಲ್ಲ. ಆಮೇಲೆ ಕಡ್ಡಿಗಳನ್ನು ಆರಿಸುವುದು. ಒಂದೊಂದನ್ನೂ ಗಾಜಿನ ಮೇಲೆ ಮಲಗಿಸಿ ನೋಡಿ, ಬಾಗಿದ್ದನ್ನು, ತಿರುಚಿದ್ದನ್ನು, ಗಂಟಿದ್ದನ್ನು ತೆಗೆದಿಡಬೇಕು. ಒಂದು ಕಟ್ಟಿನಲ್ಲಿ ಎಷ್ಟೋ ಕಡ್ಡಿಗಳು ಹೀಗೆ ಪಕ್ಕಕ್ಕೆ ಹೋಗುತ್ತವೆ. ಜಿಪುಣತನ ಮಾಡಬೇಡಿ.

ಅಗಲ ಒಂದೇ ಸಮ ಇದೆಯೇ ಎಂದು ನೋಡುವುದು ಇನ್ನೂ ಮುಖ್ಯ. 64 ಸಾಲಿನಲ್ಲಿ ಪ್ರತಿ ಪಟ್ಟಿಯೂ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಹೆಚ್ಚಾದರೆ ಎದುರು ಗೋಡೆ ಮುಟ್ಟುವ ಹೊತ್ತಿಗೆ 6.4 ಮಿಲಿಮೀಟರ್ ಹೆಚ್ಚಾಗಿರುತ್ತದೆ, ಅಂದರೆ ಒಂದು ಪೂರ್ತಿ ಸಾಲಿಗಿಂತ ಜಾಸ್ತಿ. ಒಂದು ಬದಿಯಲ್ಲಿ ಮಾತ್ರ ಹೆಚ್ಚಾಗಿದ್ದರೆ ಸಾಲುಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. ದೊಡ್ಡ ಮನೆಯ ಬಡಗಿಗೂ ಇದೇ ತಾಪತ್ರಯ. ಆತ ಕೋಣೆಯ ನಡುವೆ ಗೆರೆ ಹಾಕಿ ಅಲ್ಲಿಂದ ಎರಡೂ ಕಡೆಗೆ ಹಾಸುತ್ತಾನೆ, ಆಗಾಗ ಅಳೆದು ಸಣ್ಣಪುಟ್ಟ ತಿದ್ದುಪಡಿ ಮಾಡಿಕೊಳ್ಳುತ್ತಾನೆ. ಕಾಗದದ ಮೇಲೆ ಎಂಟೆಂಟು ಸಾಲಿಗೊಂದು ಗೆರೆ ಎಳೆದುಕೊಂಡರೆ ನಮಗೂ ಅದೇ ಅನುಕೂಲ.

ಈಗ ಬಣ್ಣ. ಇದರಲ್ಲಿ ಒಂದು ನಿಯಮ ಮೀರುವಂತಿಲ್ಲ: ಬಣ್ಣ ಮೊದಲು, ಅಂಟು ಆಮೇಲೆ. ಅಂಟು ತಾಗಿದ ಕಡೆ ಮರ ಬಣ್ಣ ಕುಡಿಯುವುದಿಲ್ಲ. ಸಂದಿಯಿಂದ ಉಕ್ಕಿದ ಒಂದು ಹನಿ ಅಂಟು ಬಿಳಿ ಮಚ್ಚೆಯಾಗಿ ಉಳಿದುಬಿಡುತ್ತದೆ. ಅಂಗಡಿಯ ವುಡ್ ಸ್ಟೇನ್ ಆಗುತ್ತದೆ. ಆದರೆ ನನಗೆ ಹೆಚ್ಚು ಪ್ರೀತಿ ಅಡುಗೆಮನೆಯ ರಸಾಯನದ ಮೇಲೆ. ಸ್ಟೀಲ್ ಉಲ್ಲನ್ನು ವಿನೆಗರಿನಲ್ಲಿ ಒಂದೆರಡು ದಿನ ನೆನೆಹಾಕಿದರೆ ಕಬ್ಬಿಣ ಕರಗಿ ಕಬ್ಬಿಣದ ಅಸಿಟೇಟ್ ಆಗುತ್ತದೆ. ಮರದಲ್ಲಿ ಟ್ಯಾನಿನ್ ಎಂಬ ಒಗರು ಇದ್ದರೆ ಈ ದ್ರವ ತಾಗಿದೊಡನೆ ಬೂದುಗಪ್ಪು ಬಣ್ಣ ಏಳುತ್ತದೆ, ಹಳೆಯ ಶಾಯಿ ಮಾಡುತ್ತಿದ್ದುದೂ ಇದೇ ತತ್ತ್ವದಿಂದ. ಬರ್ಚ್ ಮತ್ತು ಬಾಸ್‌ವುಡ್‌ನಲ್ಲಿ ಒಗರು ಕಡಿಮೆ. ಅದಕ್ಕಾಗಿ ಮೊದಲು ಹಾಲಿಲ್ಲದ ಕಡು ಚಹಾ ಬಳಿದು ಒಣಗಿಸಿ, ಆಮೇಲೆ ಕಬ್ಬಿಣದ ನೀರು ಹಚ್ಚಬೇಕು. ಚಹಾ ಎಷ್ಟು ಕಡು, ಎಷ್ಟು ಸಲ ಬಳಿದಿರಿ ಎಂಬುದರ ಮೇಲೆ ಜೇನುಬಣ್ಣದಿಂದ ಹಿಡಿದು ನೂರು ವರ್ಷದ ಮಾಳಿಗೆಯ ಕಪ್ಪಿನವರೆಗೆ ಎಲ್ಲ ಛಾಯೆಯೂ ಬರುತ್ತದೆ.

ಎಲ್ಲ ಕಡ್ಡಿಗೂ ಒಂದೇ ಛಾಯೆ ಕೊಡಬೇಡಿ. ಒಂದು ಮನೆಯ ಹಲಗೆಗಳು ಹಲವು ಮರಗಳಿಂದ ಬಂದಿರುತ್ತವೆ. ಅದಕ್ಕೇ ನಿಜವಾದ ನೆಲದಲ್ಲಿ ಸಣ್ಣ ವ್ಯತ್ಯಾಸಗಳಿರುತ್ತವೆ. ಮೂರು ಛಾಯೆ ಮಾಡಿಕೊಂಡು, ಒಣಗಿದ ಮೇಲೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಕುಲುಕಿ, ಕಣ್ಣು ಮುಚ್ಚಿ ಒಂದೊಂದಾಗಿ ತೆಗೆಯಿರಿ. ನಾವೇ ಆರಿಸಲು ಹೋದರೆ ತಿಳಿದೋ ತಿಳಿಯದೆಯೋ ಕಪ್ಪು, ಬಿಳುಪು, ಕಪ್ಪು, ಬಿಳುಪು ಎಂದು ಸರದಿ ಹಚ್ಚುತ್ತೇವೆ. ಮನುಷ್ಯನ ಕೈಗೆ ಅಡ್ಡಾದಿಡ್ಡಿ ಎಂಬುದು ಅಷ್ಟು ಸುಲಭವಾಗಿ ಬರುವುದಿಲ್ಲ.

ಹಲಗೆ ಹಲಗೆಯ ನಡುವಿನ ಗೆರೆ ಇಡೀ ನೆಲದ ಜೀವ. ದೊಡ್ಡ ಮನೆಯ ಹಳೆಯ ನೆಲದಲ್ಲಿ ಎರಡು ಹಲಗೆಗಳ ಮಧ್ಯೆ ಒಂದು ಮಿಲಿಮೀಟರ್ ಸಂದು ಇರಬಹುದು. ಪುಟ್ಟ ಅಳತೆಯಲ್ಲಿ ಅದು ಒಂದು ಮಿಲಿಮೀಟರಿನ ಹನ್ನೆರಡನೇ ಪಾಲು, ತಲೆಗೂದಲಿನ ದಪ್ಪದ ಆಸುಪಾಸು. ಅರ್ಧ ಮಿಲಿಮೀಟರ್ ಸಂದು ಬಿಟ್ಟು ಅಂಟಿಸಿದರೆ ಅದು ಆರು ಮಿಲಿಮೀಟರಿನ ಬಿರುಕಿಗೆ ಸಮ, ಮಗುವಿನ ಬಳಪ ಬಿದ್ದುಹೋಗುವಷ್ಟು. ಹಾಗಾಗಿ ಪಟ್ಟಿಗಳನ್ನು ಒತ್ತಿ ಒತ್ತಿ ಸಂದಿಲ್ಲದಂತೆ ಕೂರಿಸಬೇಕು. ಸಂದಿಲ್ಲದಿದ್ದರೆ ಗೆರೆ ಹೇಗೆ ಕಾಣುತ್ತದೆ? ಇಲ್ಲಿ ಹಡಗಿನ ಮಾದರಿ ಮಾಡುವವರಿಂದ ಕಲಿತ ಒಂದು ಉಪಾಯ ಇದೆ. ಹಡಗಿನ ಅಟ್ಟದ ಹಲಗೆಗಳ ನಡುವೆ ನೀರು ಇಳಿಯದಂತೆ ನಾರು ತುರುಕಿ ಟಾರು ಹೊಯ್ಯುತ್ತಿದ್ದರು. ಆ ಕಪ್ಪು ಗೆರೆಯನ್ನು ತೋರಿಸಲು ಮಾದರಿಗಾರರು ಪ್ರತಿ ಪಟ್ಟಿಯ ಬದಿಗೆ ಪೆನ್ಸಿಲ್ ಉಜ್ಜುತ್ತಾರೆ. ಪಟ್ಟಿಯನ್ನು ಬದಿ ಮೇಲಾಗಿ ಬೆರಳುಗಳ ನಡುವೆ ಹಿಡಿದು, ಮೆದು ಪೆನ್ಸಿಲಿನ ಮುಳ್ಳನ್ನು ಮಲಗಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆ ಎಳೆದರೆ ಸಾಕು. ಬದಿ ಸೀಸದ ಬಣ್ಣಕ್ಕೆ ಮಿನುಗುತ್ತದೆ. ಎರಡು ಪಟ್ಟಿ ಜೋಡಿಸಿದಾಗ ನಡುವೆ ಹದವಾದ ಬೂದು ಗೆರೆ ಉಳಿಯುತ್ತದೆ. ಸ್ಕೆಚ್ ಪೆನ್ ಬಳಸಬೇಡಿ. ಅದರ ಶಾಯಿ ಎಳೆಯ ಗುಂಟ ಹರಿದು ಮೇಲ್ಮೈಗೆ ಬಂದು ಗೆರೆಗೆ ಮೀಸೆ ಮೂಡಿಸುತ್ತದೆ.

ಅಂಟಿನ ವಿಷಯಕ್ಕೆ ಬಂದರೆ ನೀರಿನ ವಿಷಯಕ್ಕೆ ಬಂದಂತೆ. ಮರ ತೇವ ಕುಡಿದರೆ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಹಿಗ್ಗುವ ಪ್ರಮಾಣ ಶೇಕಡಾವಾರು ನೋಡಿದರೆ ದೊಡ್ಡ ಹಲಗೆಗೂ ಪುಟ್ಟ ಪಟ್ಟಿಗೂ ಒಂದೇ. ಆದರೆ ಕಾಲ ಒಂದೇ ಅಲ್ಲ. ತೇವ ಮರದೊಳಕ್ಕೆ ಇಳಿಯಲು ಹಿಡಿಯುವ ಹೊತ್ತು ದಪ್ಪದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಹನ್ನೆರಡು ಪಾಲು ತೆಳುವಾದ ಪಟ್ಟಿಯಲ್ಲಿ ಅದು ಸುಮಾರು 144 ಪಾಲು ಬೇಗ ನಡೆದುಹೋಗುತ್ತದೆ. ದೊಡ್ಡ ಮನೆಯ ನೆಲ ಒಂದು ಮಳೆಗಾಲದುದ್ದಕ್ಕೂ ನಿಧಾನವಾಗಿ ಮಾಡುವುದನ್ನು ಪುಟ್ಟ ನೆಲ ನಿಮ್ಮ ಕಣ್ಣೆದುರೇ ಮಾಡುತ್ತದೆ. ಬಿಳಿ ಫೆವಿಕಾಲ್ ನೀರಿನಲ್ಲಿ ಕಲಸಿದ ಅಂಟು. ಅದನ್ನು ಕಾಗದದ ತುಂಬ ಬಳಿದು ವಿನೀರ್ ಪಟ್ಟಿ ಇಟ್ಟರೆ ಕೆಳಮೈ ಹಿಗ್ಗಿ, ಮೇಲ್ಮೈ ಹಾಗೇ ಉಳಿದು, ಪಟ್ಟಿ ಹಪ್ಪಳದಂತೆ ಸುರುಳಿಗೊಳ್ಳುತ್ತದೆ. ದಪ್ಪ ಕಡ್ಡಿಗಳಿಗೆ ಫೆವಿಕಾಲ್ ನಡೆಯುತ್ತದೆ. ತೆಳ್ಳಗೆ ಹಚ್ಚಿ, ನಾಲ್ಕೈದು ಸಾಲು ಆದೊಡನೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ದಪ್ಪ ಪುಸ್ತಕಗಳ ಭಾರ ಹೇರಬೇಕು. ವಿನೀರಿಗೆ ಸನ್‌ಮೈಕಾ ಅಂಟಿಸಲು ಬಡಗಿಗಳು ಬಳಸುವ ರಬ್ಬರ್ ಗಮ್ ಲೇಸು, ಅದರಲ್ಲಿ ನೀರಿಲ್ಲ. ಎರಡೂ ಕಡೆ ಬಳಿದು, ಒಣಗಲು ಬಿಟ್ಟು, ಆಮೇಲೆ ಕೂಡಿಸಬೇಕು. ಕೂಡಿತೆಂದರೆ ಮತ್ತೆ ಸರಿಸಲಾಗದು. ಕಿಟಕಿ ತೆರೆದಿರಲಿ, ಅದರ ಹಬೆ ತಲೆಗೇರುತ್ತದೆ.

ಸಾಲುಗಳಲ್ಲಿ ತುದಿ ಸೇರುವ ಕಡೆ ಅಕ್ಕಪಕ್ಕದವು ಒಂದೇ ನೇರಕ್ಕೆ ಬರಬಾರದು. ದೊಡ್ಡ ನೆಲದಲ್ಲಿ ಕನಿಷ್ಠ ಆರು ಇಂಚು ಅಂತರ ಇಡುವ ವಾಡಿಕೆ, ಇಲ್ಲಿ ಅದು ಅರ್ಧ ಇಂಚು. ಎಲ್ಲ ಸಾಲಿಗೂ ಒಂದೇ ಉದ್ದದ ತುಂಡು ಹಾಕಿ ಒಂದು ಬಿಟ್ಟು ಒಂದು ಸರಿಸಿದರೆ ಇಟ್ಟಿಗೆ ಗೋಡೆ ಮಲಗಿಸಿದಂತೆ ಕಾಣುತ್ತದೆ. ಮೂರು ನಾಲ್ಕು ಬೇರೆ ಬೇರೆ ಉದ್ದ ಮಾಡಿಕೊಳ್ಳಿ. ಪಟ್ಟಿಗಳು ಯಾವ ದಿಕ್ಕಿಗೆ ಓಡಬೇಕು ಎಂಬುದಕ್ಕೆ ಜಂತೆಗೆ ಅಡ್ಡವಾಗಿ ಎಂಬುದೇ ಶಾಸ್ತ್ರ. ಆದರೆ ಗೊಂಬೆಮನೆಯನ್ನು ನಾವು ಮುಂಭಾಗದಿಂದ ಮಾತ್ರ ನೋಡುತ್ತೇವೆ. ನೋಡುವವರಿಂದ ಹಿಂಗೋಡೆಯ ಕಡೆಗೆ ಓಡುವ ಪಟ್ಟಿಗಳು ಕೋಣೆಗೆ ಆಳ ಕೊಡುತ್ತವೆ. ಬಹಳಷ್ಟು ಗೊಂಬೆಮನೆಗಳ ಕೋಣೆಗಳಿಗೆ ಆಳವೇ ಕಡಿಮೆ ಇರುವುದರಿಂದ ನಾನು ಸದಾ ಇದರ ಪರ.

ಇದಿಷ್ಟು ಸಲೀಸಾದವರಿಗೆ ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆದ ಪಾರ್ಕೆ ನೆಲ ಕೈಬೀಸಿ ಕರೆಯುತ್ತದೆ. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ ಅಮೃತಶಿಲೆಯ ನೆಲ ತೊಳೆದ ನೀರು ಕೆಳಗಿಳಿದು ಜಂತೆಗಳು ಕೊಳೆಯುತ್ತಿದ್ದವು. 1684ರಲ್ಲಿ ಅಲ್ಲಿ ಕಲ್ಲಿನ ಬದಲು ಮರದ ಪಾರ್ಕೆ ಬಂತು. ಓರೆ ಹೆಣಿಗೆಯ ಆ ಚೌಕಗಳು ಇಂದಿಗೂ ಆ ಅರಮನೆಯ ಹೆಸರಿನಿಂದಲೇ ಪ್ರಸಿದ್ಧ. ಮುಳ್ಳಿನ ಮಾದರಿ ಅದಕ್ಕಿಂತ ಸರಳ. ಮೂರು ಇಂಚಿಗೆ ಒಂಬತ್ತು ಇಂಚಿನ ತುಂಡುಗಳೆಂದು ಇಟ್ಟುಕೊಂಡರೆ ನಮ್ಮ ಕೋಣೆಗೆ 640 ತುಂಡು. ಪುಟ್ಟ ಅಳತೆಯಲ್ಲಿ ಒಂದೊಂದೂ 6.35 ಮಿಲಿಮೀಟರ್ ಅಗಲ, 19.05 ಮಿಲಿಮೀಟರ್ ಉದ್ದ. ಉದ್ದ ಅಗಲದ ಸರಿಯಾಗಿ ಮೂರರಷ್ಟಿರಬೇಕು, ತುದಿ ಸರಿಯಾಗಿ ಲಂಬವಾಗಿರಬೇಕು. ಒಂದು ತುಂಡಿನ ತಪ್ಪು ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ದಾಟುತ್ತ ಹೋಗುತ್ತದೆ. ಇದಕ್ಕೆ ಕತ್ತರಿ ಸಾಲದು. ಅಳತೆಗೆ ತಡೆ ಕಟ್ಟಿದ ಸಣ್ಣ ಅಚ್ಚಿನಲ್ಲಿ ಪಟ್ಟಿ ಇಟ್ಟು ತೆಳು ಗರಗಸದಿಂದ ಕೊಯ್ಯಬೇಕು. ನಡುಗೆರೆಯ ಮೇಲೆ ಮೊದಲ ಜೋಡಿ ಕೂರಿಸಿ ಎರಡೂ ಕಡೆಗೆ ಬೆಳೆಸುತ್ತ ಹೋಗಿ, ಕೊನೆಗೆ ಅಂಚುಗಳನ್ನು ಒಟ್ಟಿಗೆ ಕತ್ತರಿಸುವುದು ಕ್ರಮ. ಬೀಟೆಮರದಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸುವ ಮೈಸೂರಿನ ಕುಶಲಕರ್ಮಿಗಳಿಗೆ ಈ ಶಿಸ್ತು ಹೊಸದಲ್ಲ. ಕೂದಲು ತೂರದಂತೆ ಎರಡು ಮರ ಕೂಡಿಸುವುದೇ ಅವರ ದಿನನಿತ್ಯದ ಕೆಲಸ.

ಒಣಗಿದ ನೆಲವನ್ನು ಉಜ್ಜುವಾಗ ಅಳತೆಯ ಲೆಕ್ಕ ಮತ್ತೆ ಮುಂದೆ ಬರುತ್ತದೆ. 80 ನಂಬರಿನ ಸ್ಯಾಂಡ್ ಪೇಪರಿನ ಹರಳು ಸುಮಾರು 0.2 ಮಿಲಿಮೀಟರ್. ಅದು ಎಳೆದ ಗೀರು ಗೊಂಬೆಯ ಕಣ್ಣಿಗೆ ಎರಡೂವರೆ ಮಿಲಿಮೀಟರಿನ ಉಳುಮೆ. 220ರಿಂದ ಶುರುಮಾಡಿ 320, 400 ಎಂದು ಏರಿಸುತ್ತ ಬನ್ನಿ, ಕಾಗದವನ್ನು ಒಂದು ಮಟ್ಟಸವಾದ ಮರದ ತುಂಡಿಗೆ ಸುತ್ತಿ, ಎಳೆಯ ಗುಂಟ ಮಾತ್ರ ಉಜ್ಜಿ. ಬಣ್ಣ ಮೊದಲೇ ಹಚ್ಚಿರುವುದರಿಂದ ಕೈ ಹಗುರವಾಗಿರಲಿ. ಅಂಚು ಬಿಳಿಚಿಕೊಂಡರೆ ಮತ್ತೊಂದು ಸಲ ತೆಳು ಬಣ್ಣ ಕೊಟ್ಟರಾಯಿತು.

ಆಮೇಲೆ ಹೊಳಪು. ಕಾಲು ಡಬ್ಬಿ ವಾರ್ನಿಷ್ ಸುರಿದು ಕನ್ನಡಿ ಮಾಡಿಬಿಡುವ ಆಸೆಗೆ ಬೀಳಬೇಡಿ. ಹೊಳೆಯುವ ನೆಲ ನಿಮ್ಮ ಕೋಣೆಯ ಟ್ಯೂಬ್‌ಲೈಟನ್ನು ಪ್ರತಿಫಲಿಸುತ್ತದೆ. ಆ ಟ್ಯೂಬ್‌ಲೈಟು ಕುಗ್ಗಿಲ್ಲ. ಪುಟ್ಟ ಕೋಣೆಯ ನೆಲದಲ್ಲಿ 48 ಅಡಿ ಉದ್ದದ ದೀಪದ ಪ್ರತಿಬಿಂಬ ಬಿದ್ದರೆ ಕಷ್ಟಪಟ್ಟು ಕಟ್ಟಿದ ಅಳತೆಯೆಲ್ಲ ಒಂದೇ ಏಟಿಗೆ ಹೋಯಿತು. ಮಂದ ಹೊಳಪಿನ ಸ್ಯಾಟಿನ್ ಲೇಪವೇ ಸರಿ. ಅದಕ್ಕಿಂತಲೂ ನನಗೆ ಇಷ್ಟವಾದದ್ದು ಅರಗು. ಸ್ಪಿರಿಟಿನಲ್ಲಿ ಕರಗಿಸಿದ ಅರಗಿನ ಪಾಲಿಷಿನಲ್ಲಿ ನೀರಿಲ್ಲವಾದ್ದರಿಂದ ಮರ ಉಬ್ಬುವುದಿಲ್ಲ. ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ ತೆಳ್ಳಗೆ ಸವರಿದರೆ ನಿಮಿಷಗಳಲ್ಲಿ ಒಣಗುತ್ತದೆ. ಒಂದು ದಪ್ಪ ಪದರಕ್ಕಿಂತ ಮೂರು ನಾಲ್ಕು ತೆಳು ಪದರ ಮೇಲು, ನಡುನಡುವೆ 400ರ ಕಾಗದವನ್ನು ಮೆಲ್ಲಗೆ ತಾಗಿಸಬೇಕು. ಲೇಪ ಹಚ್ಚುವ ಮೊದಲು ಧೂಳು ಒರೆಸುವುದನ್ನು ಮರೆಯಬೇಡಿ. ಅದರಲ್ಲಿ ಸಿಕ್ಕಿಬಿದ್ದ ಒಂದು ತಲೆಗೂದಲು ಗೊಂಬೆಮನೆಯಲ್ಲಿ ಸೆಣಬಿನ ಹುರಿಯಷ್ಟು ದಪ್ಪ ಕಾಣುತ್ತದೆ.

ಹೊಸದಾಗಿ ಹಾಸಿದ ನೆಲ ಚೆನ್ನ, ಬದುಕಿದ ನೆಲ ಇನ್ನೂ ಚೆನ್ನ. ಬಾಗಿಲ ಎದುರು, ಒಲೆಯ ಮುಂದೆ, ಮೆಟ್ಟಿಲ ಬುಡದಲ್ಲಿ ಬಣ್ಣ ಸವೆದಿರುತ್ತದೆ. ಜಮಖಾನದ ಕೆಳಗೆ ಮೂಲ ಬಣ್ಣ ಉಳಿದಿರುತ್ತದೆ. ಕಿಟಕಿಯ ಬಿಸಿಲು ಬೀಳುವ ಕಡೆ ಮರ ಬಣ್ಣ ಬದಲಾಯಿಸಿರುತ್ತದೆ. ಇದರ ಬೆಲೆಯನ್ನು ಚೆನ್ನಾಗಿ ಅರಿತಿದ್ದವರು ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ. ಅನುಮಾನಾಸ್ಪದ ಸಾವುಗಳ ತನಿಖೆಯನ್ನು ಪೊಲೀಸರಿಗೆ ಕಲಿಸಲು 1940ರ ದಶಕದಲ್ಲಿ ಅವರು ಇದೇ ಅಡಿಗೊಂದು ಇಂಚಿನ ಅಳತೆಯಲ್ಲಿ ಸಾವಿನ ಮನೆಗಳ ಮಾದರಿ ಮಾಡಿಸಿದರು. ಬಡಗಿಯೊಬ್ಬರನ್ನು ಇಟ್ಟುಕೊಂಡು ಕಟ್ಟಿಸಿದ ಆ ಮಾದರಿಗಳಲ್ಲಿ ನೆಲದ ಮೇಲಿನ ಕಲೆ, ಬಿದ್ದ ವಸ್ತು, ಸವೆತ ಎಲ್ಲವೂ ಸಾಕ್ಷ್ಯ. ಅವುಗಳಲ್ಲಿ 18 ಇಂದಿಗೂ ಬಾಲ್ಟಿಮೋರಿನ ವೈದ್ಯಕೀಯ ಪರೀಕ್ಷಕರ ಕಚೇರಿಯಲ್ಲಿದ್ದು ತರಬೇತಿಗೆ ಬಳಕೆಯಾಗುತ್ತಿವೆ. ಆ ಕೋಣೆಗಳಲ್ಲಿ ಸವೆತ ಅಲಂಕಾರವಲ್ಲ, ಅಲ್ಲಿ ಯಾರು ಹೇಗೆ ಬದುಕಿದರು ಎಂಬುದರ ದಾಖಲೆ. ನಮ್ಮ ಪುಟ್ಟ ನೆಲಕ್ಕೂ ಅದೇ ನ್ಯಾಯ. ಈ ಮನೆಯಲ್ಲಿ ಯಾರಿದ್ದಾರೆ, ಎಲ್ಲಿ ನಿಲ್ಲುತ್ತಾರೆ, ಯಾವ ಕುರ್ಚಿಯನ್ನು ದಿನಾ ಎಳೆಯುತ್ತಾರೆ ಎಂದು ಮೊದಲು ನಿರ್ಧರಿಸಿಕೊಂಡು, ಅಲ್ಲಿ ಮಾತ್ರ 400ರ ಕಾಗದದಿಂದ ಲೇಪವನ್ನು ತುಸು ತೆಗೆಯಿರಿ. ಎಲ್ಲ ಕಡೆ ಸಮನಾಗಿ ಉಜ್ಜಿದರೆ ಅದು ಹಳೆಯದಾಗಿ ಕಾಣುವುದಿಲ್ಲ, ಕೊಳಕಾಗಿ ಕಾಣುತ್ತದೆ.

ಕೊನೆಗೆ ಕಾಗದದ ಸಮೇತ ನೆಲವನ್ನು ಕೋಣೆಯೊಳಗೆ ಇಳಿಸುವುದು. ಗೋಡೆಗೆ ಒತ್ತಿ ಕೂರಿಸಬೇಡಿ. 12 ಇಂಚಿನ ನೆಲ ಶೇಕಡಾ ಒಂದರಷ್ಟು ಹಿಗ್ಗಿದರೂ ಮೂರು ಮಿಲಿಮೀಟರ್ ಆಯಿತು. ಜಾಗ ಸಿಗದಿದ್ದರೆ ನಡುವೆ ಉಬ್ಬಿ ನಿಲ್ಲುತ್ತದೆ. ಸುತ್ತ ಒಂದೂವರೆ ಮಿಲಿಮೀಟರ್ ಬಿಟ್ಟು, ಆ ಸಂದನ್ನು ಸ್ಕರ್ಟಿಂಗ್ ಪಟ್ಟಿಯಿಂದ ಮುಚ್ಚಿ. ಸ್ಕರ್ಟಿಂಗನ್ನು ಗೋಡೆಗೆ ಅಂಟಿಸಿ, ನೆಲಕ್ಕಲ್ಲ. ದೊಡ್ಡ ಮನೆಯಲ್ಲಿ ಬಡಗಿ ಮಾಡುವುದೂ ಇದನ್ನೇ. ನೆಲವನ್ನು ಪೂರ್ತಿ ಅಂಟಿಸದೆ ನಾಲ್ಕು ಮೂಲೆಯಲ್ಲಿ ಎರಡು ಬದಿಯ ಟೇಪಿನ ಚೂರು ಇಟ್ಟರೆ ಸಾಕು. ಗೊಂಬೆಮನೆಯ ದೀಪಗಳಿಗೆ 12 ವೋಲ್ಟಿನ ತಂತಿ ಸಾಮಾನ್ಯವಾಗಿ ನೆಲದ ಕೆಳಗೇ ಓಡುತ್ತದೆ. ಎಂದಾದರೂ ಒಂದು ದೀಪ ಕೆಟ್ಟರೆ ಸ್ಕರ್ಟಿಂಗಿನ ಒಂದು ಬದಿ ಬಿಚ್ಚಿ, ಇಡೀ ನೆಲವನ್ನು ಒಂದು ಹಾಳೆಯಂತೆ ಎತ್ತಿ, ತಂತಿ ಸರಿಮಾಡಿ, ಮತ್ತೆ ಇಳಿಸಬಹುದು.